ಬೆಲ್ಟ್ ನನ್ನ ಬ್ಯಾಗಿನಲ್ಲಿತ್ತು

ವಾಷಿಂಗ್ ಮೆಷಿನ್ನಿನ ಬೇರಿಂಗ್ ಬದಲಿಸುವುದು ನಯದ ಕೆಲಸವಲ್ಲ. ಅದರಲ್ಲೂ ಬಾಗಿಲು ಮುಂದಿರುವ ಮೆಷಿನ್ನಾದರೆ ಅರ್ಧ ದಿನ ಬರೀ ಕೊಯ್ಯುವುದು, ಬಡಿಯುವುದು. ಬಟ್ಟೆ ತಿರುಗುವ ಸ್ಟೀಲ್ ಡ್ರಮ್ಮು ಒಂದು ದೊಡ್ಡ ಪ್ಲಾಸ್ಟಿಕ್ ಟಬ್ಬಿನೊಳಗೆ ಕೂತಿರುತ್ತದೆ. ಈಗಿನ ಎಷ್ಟೋ ಮೆಷಿನ್ನುಗಳಲ್ಲಿ ಆ ಟಬ್ಬನ್ನು ಬಿಚ್ಚಲು ಬಾರದಂತೆ ಬೆಸೆದೇ ಕಳಿಸುತ್ತಾರೆ. ಬೇರಿಂಗ್ ಹೋದರೆ ಇಡೀ ಟಬ್ಬನ್ನೇ ಬದಲಿಸಿ ಅನ್ನುತ್ತಾರೆ. ನಮ್ಮಂಥವರು ಹ್ಯಾಕ್ಸಾ ಬ್ಲೇಡು ಹಿಡಿದು ಬೆಸುಗೆಯ ಗುಂಟ ಸುತ್ತಲೂ ಕೊಯ್ದು ಎರಡು ಹೋಳು ಮಾಡುತ್ತೇವೆ. ಆಮೇಲೆ ಶಾಫ್ಟಿನ ತುದಿಗೆ ಮರದ ತುಂಡು ಕೊಟ್ಟು ಸುತ್ತಿಗೆಯಲ್ಲಿ ಬಡಿದು ಡ್ರಮ್ಮನ್ನು ಕೆಡವಬೇಕು. ತುಕ್ಕು ಹಿಡಿದ ಬೇರಿಂಗು ಒಳ್ಳೆಯ ಮಾತಿಗೆ ಬರುವುದಿಲ್ಲ. ಉಳಿ ಇಟ್ಟು ಒಂದು ಪಕ್ಕ, ಇನ್ನೊಂದು ಪಕ್ಕ, ಹೊಡೆಯುತ್ತಲೇ ಇರಬೇಕು. ಈ ಕೆಲಸ ನನ್ನ ಸ್ವಭಾವಕ್ಕೆ ಒಗ್ಗುತ್ತದೆ. ಮೂಗಿನ ತುದಿಯಲ್ಲೇ ಸಿಟ್ಟು ಇರುವವನಿಗೆ ದಿನಾ ಬಡಿಯಲು ಏನಾದರೂ ಸಿಗುವುದು ಒಳ್ಳೆಯದು.

ಜರಗನಹಳ್ಳಿಯ ಆ ಮೆಷಿನ್ನಿನ ಬೇರಿಂಗೂ ಹೀಗೇ ಹೊಡೆಸಿಕೊಂಡೇ ಹೊರಬಂತು. ಬೋರ್‌ವೆಲ್ಲಿನ ಗಡಸು ನೀರು ಬೇರಿಂಗಿಗೆ ನೀರು ತಾಗದಂತೆ ತಡೆಯುವ ಆಯಿಲ್ ಸೀಲನ್ನು ತಿಂದುಹಾಕಿ, ಒಳಗಿನ ಗುಂಡುಗಳು ಕೆಂಪು ಹುಡಿಯಾಗಿದ್ದವು. ನನ್ನ ಹೊಸಕೆರೆಹಳ್ಳಿ ಅಂಗಡಿಗೆ ಟಬ್ ತಂದು ಹೊಸ ಬೇರಿಂಗು, ಹೊಸ ಸೀಲು ಕೂರಿಸಿ, ಹೋಳುಗಳನ್ನು ಸೀಲಂಟ್ ಅಂಟು ಹಚ್ಚಿ ಸ್ಕ್ರೂ ಬಿಗಿದು ಜೋಡಿಸಿ, ವಾಪಸ್ ಮನೆಗೆ ಹೋಗಿ ಫಿಟ್ ಮಾಡಿದೆ. ಸ್ಪಿನ್ ಹಾಕಿದರೆ ಸಣ್ಣಗೆ ಗುಂಯ್ ಅಂದಿತೇ ಹೊರತು ಬೇರೆ ಸದ್ದಿಲ್ಲ. ರೂಢಿಯಂತೆ ಮೆಷಿನ್ನಿನ ಪಕ್ಕಕ್ಕೆ ನನ್ನ ಫೋನ್ ನಂಬರಿನ ಸ್ಟಿಕ್ಕರ್ ಅಂಟಿಸಿದೆ. ಮನೆಯ ಹೆಣ್ಣುಮಗಳು ಚಹಾ ಕೊಟ್ಟಳು. ಗದಗಿನ ಕಡೆಯವಳು, ಮೂವತ್ತರ ಆಸುಪಾಸು. "ಸದ್ದಽ ಇಲ್ಲ ನೋಡ್ರಿ ಅಣ್ಣಾ ಈಗ" ಎಂದು ಮೆಷಿನ್ನಿನ ಮೇಲೆ ಕೈ ಇಟ್ಟು ನೋಡಿದಳು. ಗಂಡನೂ ಆ ಕಡೆಯವನೇ, ಆದರೆ ಓದಿದ್ದು, ಬೆಳೆದದ್ದು ಎಲ್ಲ ಇಲ್ಲೇ. ಮಾತು ಪೂರ್ತಿ ಬೆಂಗಳೂರಿನದು. ಯಾವುದೋ ಆಫೀಸಿನಲ್ಲಿ ಮಧ್ಯಾಹ್ನದ ಶಿಫ್ಟು. ಬೆಳಗ್ಗೆಯೆಲ್ಲ ಮನೆಯಲ್ಲೇ ಇರುತ್ತಿದ್ದ.

ಸ್ವಲ್ಪ ದಿನಕ್ಕೇ ಫೋನ್ ಬಂತು. ಮಾಡಿದ್ದು ಅವರಲ್ಲ, ಕೆಳಗಿನ ಮನೆಯ ಓನರು. ಊರಿನ ಹಳೇ ಕುಳ. ಹೊಲ ಇದ್ದ ಕಡೆಯೆಲ್ಲ ಈಗ ಅವರ ಬಾಡಿಗೆ ಮನೆಗಳಿವೆ.

"ಏನ್ರೀ, ಬೇರಿಂಗ್ ಹಾಕಿದ್ದೀರೋ ಬಾಂಬ್ ಇಟ್ಟಿದ್ದೀರೋ? ತಲೆ ಮೇಲೆ ಧಡ್ ಧಡ್ ಅಂತ ಬೀಳ್ತಾ ಇದೆ. ನಮ್ಮ ಹಾಲಲ್ಲಿ ಫ್ಯಾನ್ ಅಲ್ಲಾಡುತ್ತೆ. ಕೇಳಿದ್ರೆ, ರಿಪೇರಿ ಆದ್ಮೇಲೆ ಮೆಷಿನ್ ಕುಣೀತಿದೆ ಸಾರ್ ಅಂತಾನೆ ಆ ಹುಡುಗ. ಬಂದು ನೋಡ್ರೀ!"

ಹೋದೆ. ರಿಪೇರಿಯ ನಂತರ ಮೆಷಿನ್ ಕುಣಿದರೆ ನೋಡಬೇಕಾದ್ದು ಇಷ್ಟೇ: ಕಾಲುಗಳು, ಟಬ್ ತೂಗುವ ಸ್ಪ್ರಿಂಗು, ಅದರ ಅಲುಗಾಟ ಹೀರುವ ಶಾಕರ್, ಟಬ್ಬಿಗೆ ಕಟ್ಟಿರುವ ಕಾಂಕ್ರೀಟ್ ಭಾರದ ಬೋಲ್ಟು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ನಮ್ಮ ಕಸುಬಿನವರು ಒಪ್ಪುವುದಿಲ್ಲ. ಬೆಂಗಳೂರಿನ ಮನೆಗಳಲ್ಲಿ ಬಟ್ಟೆ-ಪಾತ್ರೆ ತೊಳೆಯುವ ಯುಟಿಲಿಟಿಗಳಲ್ಲಿ ನೆಲ ನಿಜವಾಗಿಯೂ ಡೊಂಕು. ನೀರು ಮೋರಿಗೆ ಹರಿಯಲಿ ಅಂತ ಇಳಿಜಾರು ಕೊಟ್ಟಿರುತ್ತಾರೆ. ಇಲ್ಲೂ ಹಿಂದಿನ ಒಂದು ಕಾಲು ನೆಲ ಬಿಟ್ಟು ಚೂರು ಮೇಲಿತ್ತು. ಇಳಿಸಿ, ಲಾಕ್ ನಟ್ ಬಿಗಿ ಮಾಡಿ, ಒದ್ದೆ ಬೆಡ್‌ಶೀಟುಗಳನ್ನು ತುಂಬಿ ಸ್ಪಿನ್ ಹಾಕಿದೆ. ಮೇಲೆ ಒಂದು ಲೋಟ ನೀರು ಇಟ್ಟೆ. ನೀರು ನಡುಗಿತೇ ಹೊರತು ಚೆಲ್ಲಲಿಲ್ಲ. ಓನರನ್ನೇ ಕರೆದು ತೋರಿಸಿದೆ. ಅವರು ಹೂಂಗುಟ್ಟಿ ಇಳಿದು ಹೋದರು. ನನ್ನ ಮೇಲಿನ ಅನುಮಾನವೇನೂ ಅವರ ಮುಖದಿಂದ ಇಳಿದಿರಲಿಲ್ಲ.

ಎರಡನೇ ಸಲ ಫೋನ್ ಮಾಡಿದವನು ಗಂಡ. ದನಿ ಬೆಣ್ಣೆ.

"ಬೇಜಾರು ಮಾಡ್ಕೋಬೇಡಿ ಅಣ್ಣ. ನಿಮ್ಮ ಕೆಲ್ಸಾನ ಅನ್ಬಾರ್ದು. ಆದ್ರೆ ಮೆಷಿನ್ ಜರುಗಿ ಜರುಗಿ ಬಂತು ಅಂತ ಇವ್ಳು ಹಿಡ್ಕೊಳ್ಳೋಕೆ ಹೋಗಿದ್ದಾಳೆ, ಗೋಡೆಗೂ ಮೆಷಿನ್‌ಗೂ ಮಧ್ಯ ಕೈ ಸಿಕ್ಕಾಕೊಂಡಿದೆ. ಮುರೀಲಿಲ್ಲ, ನಮ್ಮ ಪುಣ್ಯ."

ಹೋಗಿ ನೋಡಿದರೆ ಅವಳ ಬಲಗೈ ಮಣಿಕಟ್ಟಿಗೆ ಕ್ರೇಪ್ ಬ್ಯಾಂಡೇಜು. ಬೆರಳುಗಳು ಊದಿಕೊಂಡು ನೀಲಿಗಟ್ಟಿದ್ದವು. ರಿಪೇರಿ ಕೆಟ್ಟರೆ ಬೈಸಿಕೊಳ್ಳುವುದು ಇದ್ದದ್ದೇ. ಆದರೆ ನಾನು ಜೋಡಿಸಿದ ಯಂತ್ರ ಒಬ್ಬಳು ಹೆಣ್ಣುಮಗಳ ಕೈ ಜಜ್ಜಿದ್ದು ಅದೇ ಮೊದಲು.

"ತುಂಬಾ ನೋವಿದೆಯಾ ಅಮ್ಮಾ?" ಅಂದೆ.

"ಇಲ್ರಿ" ಅಂದಳು. ಅಷ್ಟು ಹೇಳಿ ಗಂಡನ ಕಡೆ ನೋಡಿದಳು. ಅವನು ಅವಳ ತಲೆ ನೇವರಿಸಿ, "ಹುಷಾರಾಗಿರು ಅಂದ್ರೆ ಕೇಳಲ್ಲ ಇವ್ಳು" ಅಂದ.

ಆ ದಿನ ಶಾಕರ್ ಎರಡನ್ನೂ ಬದಲಿಸಿದೆ. ಸ್ಪ್ರಿಂಗುಗಳನ್ನು ಕಳಚಿ ಮತ್ತೆ ಸಿಕ್ಕಿಸಿದೆ. ಬೇಕೆಂದೇ ಕೆಟ್ಟ ಲೋಡು ಹಾಕಿ ನೋಡಿದೆ: ಡ್ರಮ್ಮಿನಲ್ಲಿ ಒಂದೇ ಒಂದು ಒದ್ದೆ ಜಮಖಾನ. ಅದು ಒಂದು ಕಡೆ ಗುಡ್ಡೆಯಾಗಿ ಬಿದ್ದು ಮೆಷಿನ್ ಎರಡು ಸಲ ಧಡಧಡ ಅಂದಿತು, ತಾನೇ ವೇಗ ತಗ್ಗಿಸಿಕೊಂಡು ಬಟ್ಟೆ ಹರಡಿಕೊಂಡು ಮತ್ತೆ ಸರಿಯಾಯಿತು. ಯಾವ ಮೆಷಿನ್ನಾದರೂ ಹಾಗೇ ಮಾಡುತ್ತದೆ. ಆದರೆ ಗಂಡ ಬಾಗಿಲಲ್ಲಿ ನಿಂತಿದ್ದ ಓನರಿಗೆ, "ನೋಡಿ ಸಾರ್, ಹೀಗೇ ಶುರುವಾಗೋದು" ಎಂದ. ನಾನು ಬಾಯಿಬಿಡುವಷ್ಟರಲ್ಲಿ ಓನರು ನನ್ನ ಮೇಲೆ ಏರಿಬಂದರು. ಕೆಲಸ ಬರದಿದ್ದರೆ ಬೇರೆ ಏನಾದರೂ ಮಾಡ್ಕೋ ಎಂದರು. ನಾನೂ ಸುಮ್ಮನಿರುವ ಪೈಕಿಯಲ್ಲ. ಸ್ಪಾನರ್ ನೆಲಕ್ಕೆ ಕುಕ್ಕಿ, "ಬಂದು ನೀವೇ ಬಿಚ್ಚಿ ಸಾರ್" ಅಂದೆ. ಅವರ ಹೆಂಡತಿ ಮೆಟ್ಟಿಲ ಮೇಲೆ ನಿಂತು ಗಂಡನನ್ನು ಕೆಳಗೆ ಕರೆದರು. ಇಳಿಯುವ ಮುಂಚೆ ಆಯಮ್ಮ ಒಂದು ಗಳಿಗೆ ಆ ಹುಡುಗಿಯ ಬ್ಯಾಂಡೇಜನ್ನೇ ನೋಡುತ್ತ ನಿಂತಿದ್ದರು.

ಆ ರಾತ್ರಿ ಊಟಕ್ಕೆ ಕೂತು ಉಪ್ಪು ಕಮ್ಮಿ ಅಂತ ತಟ್ಟೆ ಕುಕ್ಕಿದೆ. ನನ್ನ ಹೆಂಡತಿ ತಟ್ಟೆ ಎತ್ತಿ ಪಕ್ಕಕ್ಕಿಟ್ಟು, "ಮೆಷಿನ್ ಮೇಲಿನ ಸಿಟ್ಟು ಅನ್ನದ ಮೇಲ್ಯಾಕೆ? ಸಿಟ್ಟಿಳಿದ್ಮೇಲೆ ಬಾ" ಅಂದು ಎದ್ದು ಹೋದಳು. ಸ್ವಲ್ಪ ಹೊತ್ತು ಖಾಲಿ ನೆಲದ ಮುಂದೆ ಕೂತಿದ್ದೆ. ಕಣ್ಣ ಮುಂದೆ ಆ ನೀಲಿ ಬೆರಳುಗಳೇ ಬರುತ್ತಿದ್ದವು. ಇನ್ನು ಮೇಲುಮೇಲೆ ನೋಡಿ ಪ್ರಯೋಜನವಿಲ್ಲ, ಟಬ್ಬನ್ನೇ ಮತ್ತೆ ಕೊಯ್ಯಬೇಕು ಅಂತ ತೀರ್ಮಾನ ಮಾಡಿದೆ.

ನಾನೇ ಜೋಡಿಸಿದ್ದನ್ನು ನಾನೇ ಕೊಯ್ಯುವುದು ಎಂಥ ಹಿಂಸೆ ಅಂತ ಕಸುಬಿನವರಿಗೇ ಗೊತ್ತು. ಒಣಗಿದ ಸೀಲಂಟ್ ಬ್ಲೇಡಿಗೆ ಅಂಟಿಕೊಳ್ಳುತ್ತದೆ, ಅಂಗೈ ಸುಲಿಯುತ್ತದೆ. ನನ್ನ ಅನುಮಾನವೆಲ್ಲ ಡ್ರಮ್ಮಿನ ಬೆನ್ನಿಗಿರುವ ಮೂರು ತೋಳಿನ ಅಲ್ಯುಮಿನಿಯಂ ಹಿಡಿಯ ಮೇಲಿತ್ತು. ಸ್ಪೈಡರ್ ಅನ್ನುತ್ತೇವೆ ಅದಕ್ಕೆ. ಗಡಸು ನೀರು, ಸೋಪಿನ ಪುಡಿ ಸೇರಿ ಅದನ್ನು ಒಳಗೊಳಗೇ ಕೊರೆದಿರುತ್ತದೆ. ಹಳೇ ಬೇರಿಂಗ್ ಸಡಿಲವಾಗಿದ್ದಾಗ ತಿಳಿಯದ ಬಿರುಕು, ಹೊಸದು ಬಿಗಿಯಾಗಿ ಕೂತ ಮೇಲೆ ಬಾಯಿ ಬಿಡಬಹುದು. ತೋಳು ಮುರಿದರೆ ಡ್ರಮ್ಮು ಟಬ್ಬನ್ನೇ ಒಡೆದುಕೊಂಡು ಹೊರಬರುತ್ತದೆ. ಎದುರಿಗೆ ಯಾರಾದರೂ ಇದ್ದರೆ ಗತಿ ಏನು?

ಸ್ಪೈಡರನ್ನು ಉಜ್ಜಿ ತೊಳೆದು, ಸೀಮೆಎಣ್ಣೆ ಹಚ್ಚಿ, ಒರೆಸಿ, ಸೀಮೆಸುಣ್ಣದ ಪುಡಿ ಬಳಿದೆ. ಕೂದಲೆಳೆಯಷ್ಟು ಬಿರುಕಿದ್ದರೂ ಒಳಗಿನ ಎಣ್ಣೆ ಒಸರಿ ಬಿಳಿ ಪುಡಿಯ ಮೇಲೆ ಗೆರೆ ಮೂಡುತ್ತದೆ. ಮೂಡಲಿಲ್ಲ. ಬೇರಿಂಗನ್ನು ಬೆರಳಲ್ಲಿ ತಿರುಗಿಸಿದೆ; ಸದ್ದಿಲ್ಲ, ಆಟವಿಲ್ಲ. ಸೀಲಿನಲ್ಲಿ ನೀರಿನ ಪಸೆಯಿರಲಿಲ್ಲ. ತಪ್ಪು ಸಿಕ್ಕಾಗ ಬರುವ ಸಿಟ್ಟಿಗಿಂತ ತಪ್ಪು ಸಿಗದಾಗ ಬರುವ ಸಿಟ್ಟು ದೊಡ್ಡದು. ಡ್ರಮ್ಮಿಗೆ ಜಾಡಿಸಿ ಒದ್ದೆ. ಕಾಲಿನ ಹೆಬ್ಬೆರಳ ಉಗುರು ಕಪ್ಪಾಯಿತು.

ಹೊಸ ಸೀಲಂಟ್ ಹಚ್ಚಿ ಟಬ್ ಜೋಡಿಸಿ, ಸಂಜೆಗೆ ಜರಗನಹಳ್ಳಿಗೆ ಒಯ್ದು ಮೆಷಿನ್ನಿನೊಳಗೆ ಕೂರಿಸಿದೆ. ಇಲ್ಲಿ ನನ್ನದೊಂದು ಪದ್ಧತಿ ಹೇಳಬೇಕು. ಸೀಲಂಟ್ ಗಟ್ಟಿಯಾಗಲು ಒಂದು ದಿನವಾದರೂ ಬೇಕು. ಅಷ್ಟರೊಳಗೆ ಡ್ರಮ್ಮು ತಿರುಗಿ ಟಬ್ ಅದುರಿದರೆ ಕೆಲಸವೆಲ್ಲ ಹಾಳು. ಆದರೆ ನಮ್ಮ ಜನಕ್ಕೆ ನಾಳೆ ತನಕ ಹಾಕಬೇಡಿ ಅಂದರೆ ಇವತ್ತೇ ಹಾಕುತ್ತಾರೆ. ಒಂದು ಸಣ್ಣ ಲೋಡು ಅಷ್ಟೇ ಹಾಕಿದ್ದು ಅಂತ ಆಮೇಲೆ ಅಳುತ್ತಾರೆ. ಅದಕ್ಕೆ ನಾನು ಮೋಟಾರಿನಿಂದ ಡ್ರಮ್ಮಿಗೆ ಹೋಗುವ ರಬ್ಬರ್ ಬೆಲ್ಟನ್ನು ಹಾಕದೆ ಹಿಂದಿನ ಮುಚ್ಚಳ ಮುಚ್ಚಿ, ಬೆಲ್ಟನ್ನು ಬ್ಯಾಗಿಗೆ ಹಾಕಿಕೊಂಡು ಹೊರಡುತ್ತೇನೆ. ಬೆಲ್ಟಿಲ್ಲದಿದ್ದರೆ ಯಾರು ಏನು ಒತ್ತಿದರೂ ಡ್ರಮ್ಮು ಒಂದು ಸುತ್ತೂ ಸುತ್ತುವುದಿಲ್ಲ. ಇದನ್ನು ಮನೆಯವರಿಗೆ ಹೇಳುವುದಿಲ್ಲ, ಹೇಳಿದರೆ ವಾದ. ಅವತ್ತೂ ಹೇಳಲಿಲ್ಲ. "ನಾಳೆ ಬಂದು ಕೊನೇ ಚೆಕಿಂಗ್ ಮಾಡ್ತೀನಿ, ಅಲ್ಲೀವರ್ಗೂ ಮುಟ್ಬೇಡಿ" ಎಂದಷ್ಟೇ ಹೇಳಿ ಬಂದೆ.

ಮರುದಿನ ಬೆಳಗ್ಗೆ ಬನಶಂಕರಿಯ ದರ್ಶಿನಿಯೊಂದರಲ್ಲಿ ನಿಂತು ಖಾಲಿ ದೋಸೆ ತಿನ್ನುತ್ತಿದ್ದೆ. ಓನರ ಫೋನು.

"ಕೇಳಿಸ್ಕೊಳ್ಳಿ! ಈಗ, ಈಗ ಬಡೀತಾ ಇದೆ ನಿಮ್ಮ ಮೆಷಿನ್ನು! ಕೇಳಿಸ್ಕೊಳ್ರೀ!" ಎಂದು ಫೋನನ್ನು ಮೇಲಕ್ಕೆ ಹಿಡಿದರು.

ಧಡ್. ಒಂದು ತಡೆ. ಏನೋ ಎಳೆದ ಸದ್ದು. ಮತ್ತೆ ಧಡ್, ಧಡ್. ಆಮೇಲೆ ಏನೂ ಇಲ್ಲ.

ಅಭ್ಯಾಸಬಲದಿಂದ, "ಕ್ಷಮಿಸಿ ಸಾರ್, ಈಗ್ಲೇ ಬರ್ತೀನಿ" ಎಂದೆ. ಎಂದ ಮೇಲೆ ದೋಸೆಯ ಕೈ ಹಾಗೇ ನಿಂತಿತು. ಕುಣಿಯುವ ಮೆಷಿನ್ನಿನ ಸದ್ದಿಗೆ ಒಂದು ತಾಳವಿರುತ್ತದೆ, ಡ್ರಮ್ಮು ಒಂದು ಸುತ್ತು ಬಂದಾಗಲೆಲ್ಲ ಒಂದು ಏಟು. ಈ ಸದ್ದಿಗೆ ತಾಳವೇ ಇರಲಿಲ್ಲ. ಎಡಗೈ ತಾನಾಗೇ ಹೆಗಲ ಬ್ಯಾಗಿನೊಳಗೆ ಹೋಯಿತು. ಬೆಲ್ಟ್ ಅಲ್ಲೇ ಇತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಾನು ಎಮ್ಮೆಯ ಹೊಟ್ಟೆಯನ್ನೇ ಎರಡನೇ ಸಲ ಕೊಯ್ದು ನೋಡಿದ್ದೆ. ಮೇಲಿನ ಮನೆಯವನು ಹೆಂಡತಿಯನ್ನು ಹೊಡೆಯುತ್ತಿದ್ದ, ಕೆಳಗಿನವರು ಕೇಳಿದರೆ ನನ್ನ ಬೇರಿಂಗಿನ ಮೇಲೆ ಹಾಕುತ್ತಿದ್ದ. ನನ್ನ ಕೆಟ್ಟ ಹೆಸರೇ ಅವನಿಗೆ ಗೋಡೆಯಾಗಿತ್ತು. ದೋಸೆ ಬಿಟ್ಟು ಕೈ ತೊಳೆದೆ. ಕನಕಪುರ ರಸ್ತೆಯಲ್ಲಿ ಬಸ್ಸುಗಳ ಮಧ್ಯೆ ಸ್ಕೂಟರ್ ನುಗ್ಗಿಸಿಕೊಂಡು ಹೋದದ್ದು ಸರಿಯಾಗಿ ನೆನಪಿಲ್ಲ.

ಬಾಗಿಲು ತೆಗೆದವನು ಗಂಡ. ಸ್ನಾನ ಮಾಡಿ ಇಸ್ತ್ರಿ ಶರಟು ಹಾಕಿದ್ದ. ನನ್ನ ಹಿಂದೆಯೇ ಓನರು ಹತ್ತಿ ಬಂದರು.

"ಬೆಳಗ್ಗೆ ಒಂದು ಸಣ್ಣ ಲೋಡ್ ಹಾಕಿದ್ವಿ ಅಣ್ಣ" ಎಂದ ಅವನು, ಒಂದಿಷ್ಟೂ ತೊದಲದೆ. "ಮತ್ತೆ ಅದೇ ಕಥೆ. ಬಾಗ್ಲು ಬಿಚ್ಕೊಂಡು ಇವ್ಳ ಬಾಯಿಗೆ ಹೊಡೀತು."

ಅವನ ಬೆನ್ನ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ ಅವಳು ನಿಂತಿದ್ದಳು. ಕೆಳತುಟಿ ಸೀಳಿತ್ತು. ಗದ್ದದ ಮೇಲಿನ ರಕ್ತ ಒರೆಸಿದ್ದು ಇನ್ನೂ ಕೆಂಪಗೇ ಇತ್ತು. ನಾನು ಬ್ಯಾಗಿಗೆ ಕೈ ಹಾಕಿ ಬೆಲ್ಟನ್ನು ಹಿಡಿದೆ. ತೆಗೆದು ಅವನ ಮುಖಕ್ಕೆ ಬೀಸಬೇಕು ಅನ್ನಿಸಿತು. ಹಾಗನ್ನಿಸಿದ್ದನ್ನು ಬಚ್ಚಿಡುವುದಿಲ್ಲ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ತಲೆಯನ್ನು ಒಂದೇ ಸಲ, ಬೇಡ ಎಂಬಂತೆ ಆಡಿಸಿದಳು.

"ಇನ್ನೊಂದ್ಸಲ ನೋಡ್ತೀನಿ" ಎಂದೆ.

"ನೋಡಿದ್ದು ಸಾಕು" ಓನರು ಕೂಗಿದರು. "ಒಂದೋ ಆ ಮೆಷಿನ್ ಹೋಗ್ಬೇಕು, ಇಲ್ಲಾ ನೀವು ಮನೆ ಖಾಲಿ ಮಾಡ್ಬೇಕು."

"ನಾವೇ ಖಾಲಿ ಮಾಡ್ತೀವಿ ಸಾರ್" ಎಂದು ಗಂಡ ನಕ್ಕ. "ಕಗ್ಗಲೀಪುರದ ಕಡೆ ಒಂದು ಒಂಟಿ ಮನೆ ನೋಡಿದ್ದೀನಿ. ತೋಟದ ಮಧ್ಯ, ಅಕ್ಕಪಕ್ಕ ಯಾರೂ ಇಲ್ಲ. ಪ್ರಶಾಂತವಾಗಿದೆ."

ಅಷ್ಟರಲ್ಲಿ ಅವನಿಗೆ ಆಫೀಸಿನ ಫೋನು ಬಂತು. ಮುಂದಿನ ಬಾಲ್ಕನಿಗೆ ಹೋಗಿ ಇಂಗ್ಲಿಷಿನಲ್ಲಿ ಮೆತ್ತಗೆ ಮಾತಾಡತೊಡಗಿದ. ಓನರು ಗೊಣಗುತ್ತ ಇಳಿದರು. ನಾನು ಯುಟಿಲಿಟಿಗೆ ಹೋಗಿ ಮೆಷಿನ್ನಿನ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಅವಳು ಪಾತ್ರೆ ತೊಳೆಯುವ ನೆಪದಲ್ಲಿ ಬಂದು ನಲ್ಲಿ ಬಿಟ್ಟಳು. ಬೆಲ್ಟ್ ತೆಗೆದು ಅವಳಿಗೆ ತೋರಿಸಿದೆ.

"ಇದು ನಿನ್ನೆ ಸಂಜೆಯಿಂದ ನನ್ ಹತ್ರ ಇದೆ ಅಮ್ಮಾ. ಇದಿಲ್ದೆ ಮೆಷಿನ್ ತಿರುಗಲ್ಲ."

ಅವಳು ನೋಡಿದಳು. ಮುಖದಲ್ಲಿ ನಾಚಿಕೆ ಬರಲಿಲ್ಲ, ಆಯಾಸ ಬಂತು.

"ಮಶೀನಿಂದಽ ಸದ್ದು ಅಂತ ಹೇಳ್ರಿ ಅಣ್ಣಾ."

"ಯಾಕಮ್ಮಾ? ಕೆಳಗಡೆಯವ್ರಿಗೆ ಹೇಳೋಣ. ಪೊಲೀಸ್ರಿಗೆ ಹೇಳೋಣ."

"ಹೇಳಿದ್ರ ನಾಳೆನಽ ಕೆಳಗಿನ ಅಂಕಲ್ ಮನಿ ಬಿಡಸ್ತಾರ. ಆ ಒಂಟಿ ಮನ್ಯಾಗ ಕೆಳಗ ಯಾರ್ ಇರ್ತಾರ್ರಿ? ಇಲ್ಲಿ ಸದ್ದಾದ್ರ ಅಂಕಲ್ ಕೂಗ್ತಾರ. ಮಶೀನಿಗೇ ಕೂಗ್ಲಿ, ಯಾರಿಗರೆ ಕೂಗ್ಲಿ, ಇಂವ ಅಷ್ಟಕ್ಕ ಕೈ ತಡೀತಾನ. ಅಲ್ಲೆ ಕೂಗಾವ್ರು ಯಾರು?"

ಇಷ್ಟು ದಿನ ನನ್ನ ಹೆಸರು ಉಳಿಸಿಕೊಳ್ಳುವ ಚಿಂತೆ ನನಗಿತ್ತು. ಕೆಳಗೆ ಎರಡು ಕಿವಿಗಳಿರುವ ಮನೆಯನ್ನು ಉಳಿಸಿಕೊಳ್ಳುವ ಚಿಂತೆ ಅವಳಿಗಿತ್ತು. ಆ ಕಗ್ಗಲೀಪುರದ ಮನೆಗೆ ಹೋದರೆ ಇವಳು ಉಳಿಯುವುದಿಲ್ಲ ಎಂಬುದು ನನಗೆ ಖಾತ್ರಿಯಾಯಿತು.

ಮೆಷಿನ್ನಿನಲ್ಲಿ ಸದ್ದು ಎಲ್ಲಿಂದ ಬರುತ್ತಿದೆ ಅಂತ ತಿಳಿಯದಿದ್ದಾಗ ನಾವು ಒಂದೊಂದೇ ಭಾಗ ಕಳಚಿಟ್ಟು ಓಡಿಸಿ ನೋಡುತ್ತೇವೆ. ಬೆಲ್ಟ್ ತೆಗೆದರೆ ಮೋಟಾರಿನ ಸದ್ದು ಬೇರೆಯಾಗುತ್ತದೆ. ಕಳಚುತ್ತ ಹೋದಂತೆ ಸದ್ದಿಗೆ ಅಡಗಲು ಜಾಗ ಇಲ್ಲದಾಗುತ್ತದೆ. ಅಲ್ಲಿ ಕೂತಲ್ಲೇ ನನಗೆ ಹೊಳೆದದ್ದು ಅಷ್ಟೇ, ದೊಡ್ಡ ಬುದ್ಧಿಯೇನಲ್ಲ.

"ಮೆಷಿನ್ ನಾನು ಅಂಗಡಿಗೆ ಹೊತ್ಕೊಂಡು ಹೋಗ್ತೀನಿ" ಎಂದೆ. "ಮೆಷಿನ್ ಹೋದ್ರೆ ಓನರು ನಿಮ್ಮನ್ನ ಬಿಡ್ಸಲ್ಲ, ಅವರೇ ಹೇಳಿದ್ದಾರೆ. ಆದ್ರೆ ಆಮೇಲೆ ಸದ್ದಾದ್ರೆ ಮೆಷಿನ್ ಅಂತ ಹೇಳೋಕಾಗಲ್ಲ. ನೀವೂ ಹೇಳೋಕಾಗಲ್ಲ, ಅವನೂ ಹೇಳೋಕಾಗಲ್ಲ. ಯೋಚ್ನೆ ಮಾಡಿ ಹೇಳಿ."

ಅವಳು ಒಂದು ತಟ್ಟೆ ತೊಳೆದಳು. ಅದನ್ನೇ ಇನ್ನೊಂದು ಸಲ ತೊಳೆದಳು. ನಲ್ಲಿ ನಿಲ್ಲಿಸಿದಳು.

"ಒಯ್ರಿ" ಎಂದಳು. "ಇವತ್ತಽ ಒಯ್ರಿ."

ಪರಿಚಯದ ಗೂಡ್ಸ್ ಆಟೋದವನಿಗೆ ಫೋನ್ ಮಾಡಿದೆ. ಗಂಡ ಒಳಗೆ ಬಂದಾಗ ಪೈಪು ಕಳಚಿ ಆಗಿತ್ತು. "ಯಾಕೆ ತಗೊಂಡು ಹೋಗೋದು? ಇಲ್ಲೇ ಸರಿ ಮಾಡಿ" ಎಂದ. ಮೊದಲ ಸಲ ಅವನ ದನಿಯಲ್ಲಿ ಬೆಣ್ಣೆ ಇರಲಿಲ್ಲ. ಮೆಟ್ಟಿಲ ಬುಡದಿಂದ ಓನರು, "ತಗೊಂಡ್ ಹೋಗ್ಲಿ ಬಿಡ್ರೀ, ಪೀಡೆ ತೊಲಗ್ಲಿ" ಎಂದು ಕೂಗಿದ್ದರಿಂದ ಅವನಿಗೆ ಮುಂದೆ ಮಾತಿಲ್ಲವಾಯಿತು. ಅವನು ಹೆಂಡತಿಯ ಕಡೆ ತಿರುಗಿ, "ಯಾರು ಹೇಳಿದ್ದು ಇವ್ರಿಗೆ?" ಎಂದ.

"ನಾನಽ ಹೇಳೇನಿ, ಒಯ್ರಿ ಅಂತ" ಎಂದಳು ಅವಳು. ಸೀಳಿದ ತುಟಿಯಲ್ಲೂ ಮಾತು ಸ್ಪಷ್ಟವಾಗಿತ್ತು.

ಕಾಂಕ್ರೀಟಿನ ಭಾರ ಇರುವ ಮೆಷಿನ್ನು ಮೆಟ್ಟಿಲು ಇಳಿಸುವುದು ಹುಡುಗಾಟವಲ್ಲ. ಆಟೋದವನು ಕೆಳಗೆ, ನಾನು ಮೇಲೆ, ಹಗ್ಗ ಭುಜಕ್ಕೆ ಸುತ್ತಿಕೊಂಡು ಒಂದೊಂದೇ ಮೆಟ್ಟಿಲು ಇಳಿಸಿದೆವು. ಆಟೋದ ಮೇಲೆ ಏರಿಸಿ ಎರಡು ಸುತ್ತು ಹಗ್ಗ ಬಿಗಿದೆವು. ಓನರು ನಿಂತು ನೋಡುತ್ತಿದ್ದರು. ಅವರ ಹೆಂಡತಿ ಜಗುಲಿಯಲ್ಲಿ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದರು. ಕೊನೆಯ ಗಂಟು ಹಾಕುತ್ತಿದ್ದಾಗ ಮೇಲಿನಿಂದ ಕೇಳಿಸಿತು.

ಧಡ್.

ನಾಲ್ವರೂ ಮೊದಲು ಮೆಷಿನ್ನನ್ನೇ ನೋಡಿದೆವು. ಹಗ್ಗ ಕಟ್ಟಿಸಿಕೊಂಡು ಆಟೋದ ಮೇಲೆ ಸುಮ್ಮನೆ ನಿಂತಿತ್ತು. ಆಮೇಲೆ ಮೇಲೆ ನೋಡಿದೆವು. ಧಡ್, ಧಡ್. ಪಾತ್ರೆ ಬಿದ್ದ ಸದ್ದು. ಒಂದು ಕೂಗು ಶುರುವಾಗಿ ಅರ್ಧಕ್ಕೇ ನಿಂತಿತು.

ಓನರು ನೆಲ ನೋಡುತ್ತ, "ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ. ನಮಗ್ಯಾಕೆ? ನೀನು ಹೊರಡಪ್ಪ" ಎಂದರು.

ಆಯಮ್ಮ ಮಡಿಲಿನ ಸೊಪ್ಪು ಕೊಡವಿ ಎದ್ದರು. "ಉಂಡು ಮಲಗೋಕೆ ಅವಳು ಉಳೀಬೇಕಲ್ರೀ" ಎಂದರು. ಎಂದವರೇ ಸೀರೆ ಎತ್ತಿ ಹಿಡಿದು ಮೆಟ್ಟಿಲು ಹತ್ತತೊಡಗಿದರು.

ನಾನು ಬ್ಯಾಗಿನಿಂದ ಸುತ್ತಿಗೆ ತೆಗೆದುಕೊಂಡು ಅವರನ್ನು ದಾಟಿ ಓಡಿದೆ. ಒಳಗಿಂದ ಚಿಲಕ ಹಾಕಿತ್ತು. ಬಡಿದರೆ ಉತ್ತರವಿಲ್ಲ, ಒಳಗೆ ಏಟು ಮಾತ್ರ ನಿಂತಿರಲಿಲ್ಲ. ಚಿಲಕವಿರುವ ಜಾಗಕ್ಕೆ ಸುತ್ತಿಗೆ ಬೀಸಿದೆ. ಪ್ಲೈವುಡ್ಡಿನ ಬಾಗಿಲು ಮೂರು ನಾಲ್ಕು ಏಟಿಗೆ ಸೀಳಿತು. ಆಟೋದವನು ಹೆಗಲು ಕೊಟ್ಟು ನೂಕಿದ.

ಮೆಷಿನ್ ಇದ್ದ ಮೂಲೆಯಲ್ಲಿ, ಆ ಖಾಲಿ ಚೌಕದೊಳಗೆ ಅವಳು ಮುದುಡಿ ಕೂತಿದ್ದಳು. ಅವನು ಇಸ್ತ್ರಿಪೆಟ್ಟಿಗೆಯನ್ನು ಅದರ ವೈರಿನಿಂದ ಹಿಡಿದು ಬೀಸಿ ಬೀಸಿ ಹೊ‍ಡೆಯುತ್ತಿದ್ದ. ತಲೆ ಉಳಿಸಿಕೊಳ್ಳಲು ಅಡ್ಡ ಹಿಡಿದ ಅವಳ ಎಡಗೈ ಮೊಣಕೈಯ ಕೆಳಗೆ ಬಾಗಬಾರದ ದಿಕ್ಕಿಗೆ ಬಾಗಿತ್ತು. ನನ್ನನ್ನು ನೋಡಿ ಅವನು ಅದೇ ವೇಗದಲ್ಲಿ ಈ ಕಡೆ ಬೀಸಿದ. ನನ್ನ ಕೊರಳೆಲುಬು ಲಟ್ ಅಂದದ್ದು ನನಗೇ ಕೇಳಿಸಿತು. ನೋವು ಆಮೇಲೆ ಬಂತು, ಮೊದಲು ಬಂದದ್ದು ಸಿಟ್ಟು. ಅವನ ಕುತ್ತಿಗೆ ಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದೆ. ಸುತ್ತಿಗೆ ಅವನ ತಲೆಯ ಮೇಲಕ್ಕೆ ಎದ್ದಿತ್ತು. ಆಟೋದವನು ಹಿಂದಿನಿಂದ ನನ್ನ ಮಣಿಕಟ್ಟು ಹಿಡಿದು, "ಬೇಡ ಗುರು, ಬೇಡ" ಎಂದು ಜೋತುಬಿದ್ದ. ಅವನು ಹಿಡಿಯದಿದ್ದರೆ ನಾನು ಹೊಡೆಯುತ್ತಿದ್ದೆ. ಈಗಲೂ ಅದರಲ್ಲಿ ನನಗೆ ಅನುಮಾನವಿಲ್ಲ. ಸುತ್ತಿಗೆ ಎಸೆದು ಅವನನ್ನು ಕೆಡವಿ ಎದೆಯ ಮೇಲೆ ಮೊಣಕಾಲೂರಿ ಕೂತೆ. ಅವನು ಕೆಳಗಿನಿಂದಲೇ, "ನಮ್ಮನೆ ವಿಷ್ಯ ಅಣ್ಣ ಇದು, ನಮ್ಮನೆ ವಿಷ್ಯ" ಎನ್ನುತ್ತಿದ್ದ.

ಓನರ ಹೆಂಡತಿ ಅವಳ ಪಕ್ಕ ನೆಲಕ್ಕೆ ಕೂತು ಸೆರಗಿನಿಂದ ತಲೆಯ ಗಾಯ ಒತ್ತಿ ಹಿಡಿದರು. ನಾನು ಅವಳ ಮುಖ ನೋಡಲು ಹೆದರಿದೆ. ಮೆಷಿನ್ ಒಯ್ಯುತ್ತೇನೆ ಅಂದವನು ನಾನು. ಒಯ್ದ ಮೇಲೆ ಅವನು ಎಷ್ಟು ಬೇಗ ಕೈ ಎತ್ತುತ್ತಾನೆ ಎಂಬ ಯೋಚನೆ ನನಗೆ ಬರಬೇಕಿತ್ತು.

ಆಸ್ಪತ್ರೆಯಲ್ಲಿ ಅವಳ ಕೈಗೆ ಪ್ಲಾಸ್ಟರ್ ಹಾಕಿದರು, ತಲೆಗೆ ಹೊಲಿಗೆ. ನನ್ನ ಕೊರಳಿಗೆ ಒಂದು ಪಟ್ಟಿ. ಆಮೇಲೆ ಎಲ್ಲರೂ ಸ್ಟೇಷನ್ನಿಗೆ ಹೋದೆವು. ಪೊಲೀಸರು ಮನೆಯಿಂದಲೇ ಕರೆದೊಯ್ದಿದ್ದ ಅವನು ನಮಗಿಂತ ಮುಂಚೆ ಅಲ್ಲಿ ಕೂತು ತನ್ನ ಕಥೆ ಹೇಳಿ ಮುಗಿಸಿದ್ದ. ದನಿಗೆ ಬೆಣ್ಣೆ ವಾಪಸ್ ಬಂದಿತ್ತು. ಕೆಲಸ ಕೆಡಿಸಿದ ಮೆಕ್ಯಾನಿಕ್, ಕೇಳಿದ್ದಕ್ಕೆ ಬಾಗಿಲು ಒಡೆದು ನುಗ್ಗಿದ, ಸುತ್ತಿಗೆ ಎತ್ತಿದ. ಹೆಂಡತಿಗೆ ಪೆಟ್ಟಾದದ್ದು ಮೆಷಿನ್ ಬಡಿದು, ಇದು ಮೊದಲೂ ಅಲ್ಲ, ಕೆಳಗಿನವರಿಗೆಲ್ಲ ಗೊತ್ತು.

ಬರೆದುಕೊಳ್ಳುತ್ತಿದ್ದ ಮಹಿಳಾ ಪೊಲೀಸ್ ಓನರ ಕಡೆ ತಿರುಗಿದರು. "ನೀವು ಕೆಳಗಡೆ ಇರೋದಲ್ವಾ? ಏನು ಕೇಳಿಸ್ತು?"

ಓನರು ಕರ್ಚೀಫಿನಲ್ಲಿ ಕುತ್ತಿಗೆ ಒರೆಸಿಕೊಂಡರು. "ನಮ್ಗೇನೂ ಕೇಳಿಸಿಲ್ಲ ಮೇಡಂ. ಯಾವಾಗ್ಲೂ ಟೀವಿ ಹಾಕಿರ್ತೀವಿ."

ನಾನು ಕುರ್ಚಿ ಬೀಳುವಂತೆ ಎದ್ದೆ. "ಏನೂ ಕೇಳಿಸಿಲ್ವಾ? ಫ್ಯಾನ್ ಅಲ್ಲಾಡುತ್ತೆ ಅಂತ ನನ್ನ ಜನ್ಮ ಜಾಲಾಡಿದ್ರಲ್ಲ ಸಾರ್!" ಒಬ್ಬ ಕಾನ್‌ಸ್ಟೇಬಲ್ ನನ್ನ ನೆಟ್ಟಗಿದ್ದ ಹೆಗಲನ್ನು ಒತ್ತಿ ಕೂರಿಸಿದ. ಸುತ್ತಿಗೆ ಮೇಜಿನ ಮೇಲೆಯೇ ಇತ್ತು; ಬಾಗಿಲು ಒಡೆದವನು ನಾನೇ. ಕೆಳಗಿನವರು ಕೇಳಿಸಿಲ್ಲ ಅಂದರೆ ಸಂಜೆಯ ಹೊತ್ತಿಗೆ ಅವನು ಅವಳನ್ನು ಕರೆದುಕೊಂಡು ಮನೆಗೆ ಹೋಗುತ್ತಾನೆ, ಆಮೇಲೆ ಕಗ್ಗಲೀಪುರ.

"ಕೇಳಿಸ್ತು ಮೇಡಂ" ಎಂದರು ಓನರ ಹೆಂಡತಿ. ಗಂಡ ಅವರ ಕೈ ಅದುಮಿದರು. ಆಯಮ್ಮ ಬಿಡಿಸಿಕೊಂಡರು. "ಪ್ರತೀ ಸಲಾನೂ ಕೇಳಿಸ್ತು. ಮೆಷಿನ್ ಅಳಲ್ಲ ಅನ್ನೋದು ನಂಗೊತ್ತಿತ್ತು. ಇವ್ರಿಗೂ ಗೊತ್ತಿತ್ತು. ಮೇಲೆ ಹೋಗೋಕೆ ಧೈರ್ಯ ಬರ್ಲಿಲ್ಲ, ಅದಕ್ಕೇ ಈ ಮೆಕ್ಯಾನಿಕ್ಕಿಗೆ ಫೋನ್ ಮಾಡ್ರೀ, ಫೋನ್ ಮಾಡ್ರೀ ಅಂತ ಪೀಡಿಸ್ತಿದ್ದೆ. ಯಾರಾದ್ರೂ ಒಬ್ರು ಆ ಮನೆಯೊಳಗೆ ಹೋಗ್ಲಿ ಅಂತ."

ಹುಡುಗಿಯ ಗಂಡ ನಕ್ಕು, "ಆಂಟಿಗೆ ವಯಸ್ಸಾಯ್ತು ಮೇಡಂ. ಅವಳನ್ನೇ ಕೇಳಿ, ಅವಳೇ ಹೇಳ್ತಾಳೆ" ಎಂದು ಹೆಂಡತಿಯ ಕಡೆ ನೋಡಿದ. ಅವತ್ತು ನೋವಿದೆಯಾ ಅಂತ ಕೇಳಿದಾಗ ಅವಳಿಂದ ಇಲ್ರಿ ಅನ್ನಿಸಿದ್ದು ಇದೇ ನೋಟವಿರಬೇಕು.

ಪೊಲೀಸ್ ಮೇಡಂ ಪೆನ್ನು ಕೆಳಗಿಟ್ಟರು. "ಏನಮ್ಮಾ, ಹೆದರ್ಬೇಡ. ಮೆಷಿನ್ ಬಡಿದಿದ್ದಾ?"

ಅವಳು ಪ್ಲಾಸ್ಟರ್ ಹಾಕಿದ ಕೈಯನ್ನು ಮೇಜಿನ ಮೇಲೆ ಎತ್ತಿಟ್ಟಳು. ಅವನ ಕಡೆ ನೋಡಲೇ ಇಲ್ಲ.

"ಮಶೀನು ಆಟೋದಾಗ ಇತ್ರಿ ಮೇಡಂ" ಎಂದಳು. "ಅಂವ ಹೊಡದಾನ್ರಿ. ಬರಕೋರಿ."